ಬಡಿಸಲು ಬರುತ್ತದೆ

ಪ್ರತಿವರ್ಷ ಮಳೆಗಾಲದ ನಡುವೆ, ತರಗತಿಗಳು ಒಂದು ಹದಕ್ಕೆ ಬರುವ ವೇಳೆಗೆ, ನನ್ನ ಮೇಜಿನ ಮೇಲೆ ಅರ್ಜಿಗಳ ಒಂದು ಕಟ್ಟು ಬಂದು ಕೂರುತ್ತದೆ. ರಾಷ್ಟ್ರೀಯ ಸೇವಾ ಯೋಜನೆಗೆ ಸೇರಬಯಸುವ ವಿದ್ಯಾರ್ಥಿಗಳ ಅರ್ಜಿಗಳವು. ಪಂಪ ಕುಮಾರವ್ಯಾಸರ ಪಾಠ ಹೇಳುವವನಿಗೆ ಗುದ್ದಲಿ ಬುಟ್ಟಿಗಳ ಲೆಕ್ಕ ಹೇಗೆ ಅಂಟಿಕೊಂಡಿತೆಂದು ಯಾರಾದರೂ ಕೇಳಿದರೆ ನಾನು ನಕ್ಕು ಸುಮ್ಮನಾಗುತ್ತೇನೆ. ಕಾಲೇಜುಗಳ ರೀತಿನೀತಿ ಬಲ್ಲವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಉಳಿದವರೆಲ್ಲ ಜಾಣತನದಿಂದ ತಪ್ಪಿಸಿಕೊಂಡ ಕೆಲಸವು ಕೊನೆಗೆ ಕನ್ನಡ ಪಂಡಿತನ ಬಾಗಿಲಿಗೇ ಬಂದು ನಿಲ್ಲುವುದು ಹಳೆಯ ಸಂಪ್ರದಾಯ.

ಆ ಅರ್ಜಿಯಲ್ಲಿ ಒಂದು ಪ್ರಶ್ನೆ ಉಂಟು: ನೀವು ಈ ಯೋಜನೆಗೆ ಏಕೆ ಸೇರಬಯಸುತ್ತೀರಿ? ಉತ್ತರಗಳು ಬಹುಮಟ್ಟಿಗೆ ಒಂದೇ ಅಚ್ಚಿನವು. ನಾಯಕತ್ವದ ಗುಣವನ್ನು ಬೆಳೆಸಿಕೊಳ್ಳಲು ಎಂದು ಹತ್ತರಲ್ಲಿ ಏಳು ಮಂದಿ ಬರೆಯುತ್ತಾರೆ; ಸಮಾಜದ ಋಣ ತೀರಿಸಲು ಎಂದು ಇಬ್ಬರು; ಪ್ರಮಾಣಪತ್ರಕ್ಕಾಗಿ ಎಂದು ಸತ್ಯವನ್ನು ನುಡಿಯುವವನು ಒಬ್ಬ. 2017ರ ಮಳೆಗಾಲದಲ್ಲಿ ಬಂದ ಕಟ್ಟಿನಲ್ಲಿ ಮಾತ್ರ ಈ ಯಾವ ಅಚ್ಚಿಗೂ ಸೇರದ ಉತ್ತರವೊಂದಿತ್ತು. ವಕ್ರವಾದ ಅಕ್ಷರದಲ್ಲಿ ಎರಡೇ ಪದ: ‘ಬಡಿಸಲು ಬರುತ್ತದೆ.’

ತಮಾಷೆಗೆ ಬರೆದದ್ದಿರಬೇಕೆಂದು ಊಹಿಸಿ ನಾನು ಆ ಹುಡುಗನನ್ನು ಕರೆಸಿದೆ. ಬಂಟ್ವಾಳದಿಂದಾಚೆಯ ಹಳ್ಳಿಯವನು, ಪದವಿಯ ಮೊದಲ ವರ್ಷ. ಬಾಗಿಲ ಬಳಿ ಚಪ್ಪಲಿ ಬಿಟ್ಟು ಒಳಗೆ ಬಂದ.

‘ಇದೇನು ಮಾರಾಯ? ಏಕೆ ಸೇರುತ್ತೀಯೆಂದು ಕೇಳಿದರೆ ಬಡಿಸಲು ಬರುತ್ತದೆ ಅಂತ ಬರೆದಿದ್ದೀಯಲ್ಲ?’

‘ಹೌದು ಸರ್. ಶಿಬಿರದಲ್ಲಿ ಐವತ್ತು ಜನಕ್ಕೆ ಊಟ ಇರುತ್ತದಂತೆ. ನಮ್ಮೂರ ದೇವಸ್ಥಾನದ ಬ್ರಹ್ಮಕಲಶದಲ್ಲಿ ಒಂಬತ್ತು ದಿವಸ ಬಡಿಸಿದ್ದೇನೆ. ಸಾರಿನ ಬಾಲ್ದಿ ನನ್ನದು.’

ಕೊನೆಯ ವಾಕ್ಯವನ್ನು ಹೇಳುವಾಗ ಅವನ ಧ್ವನಿಯಲ್ಲಿ ತುಸು ಗತ್ತು ಇದ್ದುದನ್ನು ನಾನು ಗಮನಿಸದಿರಲಿಲ್ಲ.

ಘಟ್ಟದ ಮೇಲಿನ ಓದುಗರಿಗೆ ಈ ಗತ್ತಿನ ಕಾರಣವನ್ನು ಹೇಳಬೇಕು. ನಮ್ಮ ಕರಾವಳಿಯ ಊರುಗಳಲ್ಲಿ ದೇವಸ್ಥಾನದ ಬ್ರಹ್ಮಕಲಶೋತ್ಸವವೆಂದರೆ ಪುರೋಹಿತರ ಕೆಲಸ ಮಾತ್ರವಲ್ಲ. ಸುತ್ತಲಿನ ಗ್ರಾಮಗಳಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ, ಬಾಳೆಲೆಗಳ ಹೊರೆಕಾಣಿಕೆ ಮೆರವಣಿಗೆಯಲ್ಲಿ ಬಂದು ಉಗ್ರಾಣವನ್ನು ತುಂಬುತ್ತದೆ. ದಿನಕ್ಕೆ ಸಾವಿರಾರು ಮಂದಿ ಉಂಡೇಳುತ್ತಾರೆ. ಇದನ್ನೆಲ್ಲ ನಡೆಸುವವರು ಊರಿನ ತರುಣರು. ಅವರಿಗೆ ಸಂಬಳವಿಲ್ಲ, ಆದರೆ ಶ್ರೇಣಿ ಇದೆ. ಹೊಸಬನಿಗೆ ನೀರಿನ ಹೂಜಿ. ಅದರಲ್ಲಿ ಪಳಗಿದ ಮೇಲೆ ಎಲೆ ಹಾಸುವ ಕೆಲಸ, ಅನಂತರ ಉಪ್ಪು ಉಪ್ಪಿನಕಾಯಿ. ಸಾರಿನ ಬಾಲ್ದಿ ಕೈಗೆ ಬರಬೇಕಾದರೆ ಕುದಿಯುವ ಸಾರನ್ನು ಕುಳಿತವರ ಮೈಮೇಲೆ ಚೆಲ್ಲದೆ ಪಂಕ್ತಿಯ ಉದ್ದಕ್ಕೂ ಓಡಬಲ್ಲೆನೆಂದು ಹಿರಿಯರಿಗೆ ಮನವರಿಕೆಯಾಗಿರಬೇಕು. ಅನ್ನದ ಪಾತ್ರೆಯಂತೂ ಇನ್ನೂ ಮೇಲಿನ ಪದವಿ. ಎಷ್ಟು ಬೇಕೆಂದು ಬಾಯಿಬಿಟ್ಟು ಕೇಳಲು ಸಂಕೋಚಪಡುವ ಬಡವನ ಮುಖವನ್ನು ನೋಡಿಯೇ ಅಳತೆ ತಿಳಿಯಬಲ್ಲವನಿಗೆ ಅದು ದೊರೆಯುತ್ತದೆ. ಬಡಿಸಿದವರು ಉಣ್ಣುವುದು ಎಲ್ಲರ ಊಟ ಮುಗಿದ ಮೇಲೆ, ಅಂದರೆ ಸಂಜೆ ನಾಲ್ಕಕ್ಕೋ ಐದಕ್ಕೋ, ಮಿಕ್ಕಿದ್ದನ್ನು.

ಇದು ದೇವಸ್ಥಾನದ ಮಾತಾಯಿತು. ಸೆಪ್ಟೆಂಬರ್ 8ರ ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಇಗರ್ಜಿಯಲ್ಲಿ ಮಕ್ಕಳು ಮರಿಯಮ್ಮನಿಗೆ ಹೂ ಒಪ್ಪಿಸುವುದನ್ನೂ, ಹಬ್ಬದ ದಿನ ಹೊಸ ತೆನೆಯನ್ನು ಮನೆಮನೆಗೆ ಹಂಚುವ ಸಾಲನ್ನು ತರುಣರು ನಿರ್ವಹಿಸುವುದನ್ನೂ ಕಂಡವರಿಗೆ ಅಲ್ಲಿಯೂ ಇದೇ ಪಾಠ ನಡೆಯುತ್ತಿರುವುದು ತಿಳಿದೀತು. ಐದು ವರ್ಷಕ್ಕೊಮ್ಮೆ ಬರುವ ಉಳ್ಳಾಲದ ಉರೂಸಿನ ಅನ್ನದಾನದಲ್ಲಿ ತೋಳು ಮಡಚಿ ನಿಂತ ಹುಡುಗರೂ ಅದೇ ಪಾಠಶಾಲೆಯವರು. ನಾವು ಉಪನ್ಯಾಸಕರು ನಾಯಕತ್ವದ ತರಬೇತಿ ಎಂಬ ಹೆಸರಿನಲ್ಲಿ ಹವಾನಿಯಂತ್ರಿತ ಕೊಠಡಿಯಲ್ಲಿ ಏರ್ಪಡಿಸುವ ಎರಡು ದಿನದ ಕಾರ್ಯಾಗಾರಕ್ಕೆ ಬರುವ ಮೊದಲೇ, ನಮ್ಮ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಆ ವಿದ್ಯೆಯಲ್ಲಿ ನಮಗಿಂತ ಮುಂದೆ ಹೋಗಿರುತ್ತಾರೆ. ಅದನ್ನು ನಾಯಕತ್ವವೆಂದು ಕರೆಯಬಹುದೆಂಬುದು ಅವರಿಗೆ ಗೊತ್ತಿಲ್ಲ, ಅಷ್ಟೆ.

ಮಂಗಳೂರಿನಲ್ಲಿ ಕಾಲೇಜೂ ಸೇವೆಯೂ ಒಂದೇ ತೊಟ್ಟಿಲಲ್ಲಿ ಬೆಳೆದವೆಂದರೆ ತಪ್ಪಾಗದು. ಯೇಸುಸಭೆಯ ಪಾದ್ರಿಗಳು ಸಂತ ಅಲೋಶಿಯಸ್ ಕಾಲೇಜನ್ನು ಆರಂಭಿಸಿದ್ದು 1880ರಲ್ಲಿ, ಕೊಡಿಯಾಲಬೈಲಿನಲ್ಲಿ. ಬಾವುಟಗುಡ್ಡೆಯ ಕಟ್ಟಡಕ್ಕೆ ಅದು ಏರಿದ್ದು 1885ರಲ್ಲಿ. ಆ ಪಾದ್ರಿಗಳ ತಂಡದಲ್ಲಿ ಪಾಠ ಹೇಳಲೆಂದು ಬಂದ ಜರ್ಮನಿಯ ಆಗಸ್ಟಸ್ ಮುಲ್ಲರ್ ಎಂಬವರು ಇದ್ದರು. ಅವರಿಗೆ ಹೋಮಿಯೋಪತಿ ತಿಳಿದಿತ್ತು. ಕಾಯಿಲೆ ಬಿದ್ದ ವಿದ್ಯಾರ್ಥಿಗಳಿಗೆ ಒಂದೆರಡು ಗುಳಿಗೆ ಕೊಡುವುದರಿಂದ ತೊಡಗಿದ ಕೆಲಸ, ಆಲದ ಮರದ ಕೆಳಗೆ ಬಡವರಿಗೆ ಔಷಧ ಹಂಚುವ ಔಷಧಾಲಯವಾಗಿ ಅದೇ 1880ರಲ್ಲಿ ಕುದುರಿತು. ಹತ್ತು ವರ್ಷದ ಬಳಿಕ, 1890ರಲ್ಲಿ, ಕುಷ್ಠರೋಗಿಗಳಿಗೆ ಆಶ್ರಯ. ಪ್ಲೇಗು ಬಂದಾಗ 1902ರಲ್ಲಿ ಅದಕ್ಕೊಂದು ಆಸ್ಪತ್ರೆ. ಇಂದು ಕಂಕನಾಡಿಯಲ್ಲಿ ಊರಿನಷ್ಟು ದೊಡ್ಡದಾಗಿ ನಿಂತಿರುವ ಫಾದರ್ ಮುಲ್ಲರ್ ಆಸ್ಪತ್ರೆಯ ಬೀಜ ಒಬ್ಬ ಮೇಷ್ಟರ ಗುಳಿಗೆಯ ಪೆಟ್ಟಿಗೆಯಲ್ಲಿತ್ತು. ಯೋಜನಾವರದಿ ಬರೆದು, ಅನುದಾನ ಬಂದ ಮೇಲೆ ಆರಂಭಿಸೋಣವೆಂದು ಅವರು ಕುಳಿತಿದ್ದರೆ ಏನಾಗುತ್ತಿತ್ತೆಂದು ನಮ್ಮಂಥವರು ಆಗಾಗ ಯೋಚಿಸುವುದು ಒಳ್ಳೆಯದು. ಆ ಕಾಲೇಜು 2024ರಲ್ಲಿ ಸ್ವತಃ ವಿಶ್ವವಿದ್ಯಾನಿಲಯದ ಮಾನ್ಯತೆಯನ್ನು ಪಡೆಯಿತು. ಈ ನಡುವೆ 1921ರಲ್ಲಿ ಸಂತ ಆಗ್ನೆಸ್ ಮಹಿಳಾ ಕಾಲೇಜು, 1960ರಲ್ಲಿ ಸಮಾಜಕಾರ್ಯವನ್ನೇ ವಿದ್ಯೆಯಾಗಿ ಕಲಿಸುವ ರೋಶನಿ ನಿಲಯ, ಇವೂ ಸನ್ಯಾಸಿನಿಯರ ಕೈಯಿಂದಲೇ ನಮ್ಮ ಊರಿಗೆ ಬಂದವು.

ಇಷ್ಟಕ್ಕೇ ನಿಲ್ಲಿಸಿದರೆ ಲೇಖನ ಬಹಳ ಸಿಹಿಯಾಗುತ್ತದೆ; ಆದರೆ ಅರ್ಧ ಸತ್ಯವಾಗುತ್ತದೆ. ಬಡಿಸುವುದನ್ನು ಕಲಿಸಿದ ಶ್ರದ್ಧೆಯೇ ಯಾರಿಗೆ ಬಡಿಸಬಾರದೆಂಬುದನ್ನೂ ಕಲಿಸಿದ್ದುಂಟು. ಪಂಕ್ತಿ ಎಂಬ ಪದದ ಬೆನ್ನಿಗೇ ಪಂಕ್ತಿಭೇದ ಎಂಬ ಪದವೂ ನಮ್ಮ ನಿಘಂಟುಗಳಲ್ಲಿ ಕುಳಿತಿದೆ. ಪಂಕ್ತಿಯ ಹೊರಗೆ, ಅಂಗಳದ ಆಚೆ, ಕೂಗಳತೆಯ ದೂರದಲ್ಲಿ ನಿಂತವರ ಕಡೆಗೆ ಬಾಲ್ದಿ ಹಿಡಿದು ಹೋದ ಹುಡುಗರು ಶತಮಾನಗಳ ಕಾಲ ಎಷ್ಟು ಮಂದಿ ಇದ್ದರು?

ಹೀಗೆ ಕೇಳುವಾಗ ಕುದ್ಮುಲ್ ರಂಗರಾಯರ ನೆನಪಾಗದೆ ಇರದು. 1859ರಲ್ಲಿ ಸಾರಸ್ವತ ಮನೆತನದಲ್ಲಿ ಹುಟ್ಟಿ, ಉಪಾಧ್ಯಾಯರಾಗಿ ಬದುಕು ತೊಡಗಿ, ಅನಂತರ ವಕೀಲರಾದವರು ಅವರು. 1870ರಷ್ಟು ಹಿಂದೆಯೇ ಮಂಗಳೂರಿಗೆ ಕಾಲಿಟ್ಟಿದ್ದ ಬ್ರಾಹ್ಮಸಮಾಜದ ಶ್ರದ್ಧೆ ಅವರದಾಯಿತು. ಆ ಶ್ರದ್ಧೆ ಅವರನ್ನು ಉಪಾಸನಾ ಮಂದಿರದಲ್ಲಿ ಕುಳ್ಳಿರಿಸಲಿಲ್ಲ. ಅಸ್ಪೃಶ್ಯರೆಂದು ದೂರವಿಟ್ಟಿದ್ದವರ ಮಕ್ಕಳಿಗಾಗಿ ಅವರು 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಎಂಬ ಸಂಸ್ಥೆಯನ್ನು ಕಟ್ಟಿದರು, ಶಾಲೆ ತೆರೆದರು, ಸ್ವಂತ ಸಮಾಜದ ಬಹಿಷ್ಕಾರವನ್ನು ಉಂಡರು. 1928ರಲ್ಲಿ ತೀರಿಕೊಳ್ಳುವ ಮುನ್ನ, ತಾನು ಯಾರಿಗಾಗಿ ದುಡಿದೆನೊ ಆ ಜನರೇ ತನ್ನ ಅಂತ್ಯಕ್ರಿಯೆಯನ್ನು ನಡೆಸಬೇಕೆಂದು ಬಯಸಿದರು. ನಮ್ಮ ಊರಿನ ಪುರಭವನಕ್ಕೆ ಈಗ ಅವರದೇ ಹೆಸರು. ನನ್ನ ವಿದ್ಯಾರ್ಥಿಗಳು ಅಂತರ ಕಾಲೇಜು ಸ್ಪರ್ಧೆಗಳಿಗೆಂದು ಅಲ್ಲಿಗೆ ಹೋಗಿ ಬಹುಮಾನಗಳನ್ನು ಗೆದ್ದು ತರುತ್ತಾರೆ. ಬಾಗಿಲ ಮೇಲಿನ ಹೆಸರು ಯಾರದೆಂದು ಒಮ್ಮೆ ತರಗತಿಯಲ್ಲಿ ಕೇಳಿದಾಗ ಅರವತ್ತು ಮಂದಿಯಲ್ಲಿ ನಾಲ್ಕು ಕೈ ಎದ್ದವು.

ಶ್ರದ್ಧೆಯಿಲ್ಲದೆ ಸೇವೆ ಸಾಧ್ಯವಿಲ್ಲವೆ ಎಂದು ಯಾರಾದರೂ ಕೇಳಿಯಾರು. ಖಂಡಿತ ಸಾಧ್ಯ. ಮಂಗಳೂರಿನ ಸರಕಾರಿ ಕಾಲೇಜಿನಲ್ಲಿ ಓದುತ್ತಿದ್ದ ತರುಣನೊಬ್ಬ ಅಸಹಕಾರ ಚಳವಳಿಯ ಕರೆ ಕೇಳಿ ಪುಸ್ತಕವನ್ನು ಮಡಚಿಟ್ಟು ಹೊರಬಿದ್ದ. ಅವನು ಮುಂದೆ ಕೋಟ ಶಿವರಾಮ ಕಾರಂತನಾದ. ದೇವರ ವಿಷಯದಲ್ಲಿ ಕಾರಂತರಿಗೆ ಇದ್ದ ಸಂಶಯ ಲೋಕಕ್ಕೆಲ್ಲ ಗೊತ್ತು. ಜನರ ಕೆಲಸದಲ್ಲಿ ಅವರಿಗಿದ್ದ ನಿಷ್ಠೆಯೂ ಅಷ್ಟೇ ಗೊತ್ತು. ನಾನು ಹೇಳಹೊರಟಿರುವುದು ಬೇರೆ. ಕಾರಂತರಂಥವರು ಒಂದು ತಲೆಮಾರಿಗೆ ಒಬ್ಬರು. ಸಾಧಾರಣ ಹುಡುಗನೊಬ್ಬ, ಯಾರೂ ಲೆಕ್ಕವಿಡದ ಕೆಲಸವನ್ನು ಲೆಕ್ಕವಿಡದೆಯೇ ಮಾಡಬೇಕಾದರೆ ಅವನಿಗೆ ಎಲ್ಲಿಂದಲೋ ಒಂದು ಅಭ್ಯಾಸ ಬಂದಿರಬೇಕು. ನಮ್ಮ ನಾಡಿನಲ್ಲಿ ಬಹಳ ಮಂದಿಗೆ ಅದು ಗುಡಿ, ಇಗರ್ಜಿ, ದರ್ಗಾಗಳ ಅಂಗಳದಿಂದ ಬಂದಿದೆ ಎಂಬುದಷ್ಟೆ ನನ್ನ ಮಾತು.

ಈ ಲೆಕ್ಕದ ಪ್ರಶ್ನೆ ಸರಕಾರವನ್ನೂ ಕಾಡಿತ್ತು. ಸ್ವಾತಂತ್ರ್ಯ ಬಂದ ಬಳಿಕ ವಿದ್ಯಾರ್ಥಿಗಳಿಂದ ರಾಷ್ಟ್ರಸೇವೆ ಮಾಡಿಸಬೇಕೆಂಬ ಉತ್ಸಾಹ ಎಲ್ಲೆಡೆ ಇತ್ತು. ಅದನ್ನು ಕಡ್ಡಾಯ ಮಾಡಬೇಕೆ, ಇಚ್ಛೆಗೆ ಬಿಡಬೇಕೆ ಎಂಬಲ್ಲಿ ಚರ್ಚೆ ನಿಂತಿತು. ಸಿ. ಡಿ. ದೇಶಮುಖರ ಸಮಿತಿ ಕಡ್ಡಾಯದ ಕಡೆಗೆ ಒಲಿಯಿತು. ಹಲವು ದೇಶಗಳ ಪದ್ಧತಿಗಳನ್ನು ಅಭ್ಯಸಿಸಿದ ಕೆ. ಜಿ. ಸೈಯಿದೈನರು ಇಚ್ಛೆಗೆ ಬಿಡುವುದೇ ಲೇಸೆಂದು 1960ರ ಸುಮಾರಿಗೆ ಅಭಿಪ್ರಾಯವಿತ್ತರು. ಕೊನೆಗೆ ಗಾಂಧೀ ಶತಾಬ್ದಿಯ ವರ್ಷ, 1969ರ ಸೆಪ್ಟೆಂಬರ್ 24ರಂದು, ಆಗಿನ ಕೇಂದ್ರ ಶಿಕ್ಷಣ ಸಚಿವ ವಿ. ಕೆ. ಆರ್. ವಿ. ರಾಯರು 37 ವಿಶ್ವವಿದ್ಯಾನಿಲಯಗಳ 40,000 ವಿದ್ಯಾರ್ಥಿಗಳೊಡನೆ ರಾಷ್ಟ್ರೀಯ ಸೇವಾ ಯೋಜನೆಯನ್ನು ಆರಂಭಿಸಿದಾಗ ಇಚ್ಛೆಯೇ ಗೆದ್ದಿತ್ತು. ರಾಯರು ನಮ್ಮ ಬಳ್ಳಾರಿಯಿಂದ ಲೋಕಸಭೆಗೆ ಆರಿಸಿ ಬಂದವರೆಂಬುದನ್ನು ಅಭಿಮಾನದಿಂದ ನೆನೆಯಬಹುದು. ಆದರೂ ಲೆಕ್ಕ ಬಿಡಲಿಲ್ಲ. ವರ್ಷಕ್ಕೆ 120 ಗಂಟೆ, ಎರಡು ವರ್ಷಕ್ಕೆ 240 ಗಂಟೆ, ಏಳು ದಿನದ ಒಂದು ವಿಶೇಷ ಶಿಬಿರ, ಇಷ್ಟಾದರೆ ಪ್ರಮಾಣಪತ್ರ. ಗಂಟೆಗಳನ್ನು ಬರೆದಿಡುವ ದಫ್ತರು ನನ್ನ ಕಪಾಟಿನಲ್ಲಿದೆ. ಅದನ್ನು ತುಂಬಿಸುವಾಗಲೆಲ್ಲ, ಸಾರಿನ ಬಾಲ್ದಿಯ ಹುಡುಗನ ಒಂಬತ್ತು ದಿನಗಳನ್ನು ಯಾವ ಕಂಬಸಾಲಿನಲ್ಲಿ ಬರೆಯಲಿ ಎಂದು ನನಗೆ ಅನ್ನಿಸುವುದುಂಟು.

ಇಲ್ಲೊಂದು ಸೋಜಿಗವನ್ನು ಹೇಳಿ ಮುಂದೆ ಹೋಗುತ್ತೇನೆ. ಯಾವ ಮತಕ್ಕೂ ಸೇರದ ಈ ಸರಕಾರಿ ಯೋಜನೆಯ ಲಾಂಛನ ಯಾವುದೆಂದು ಬಲ್ಲಿರಾ? ಕೋನಾರ್ಕದ ಸೂರ್ಯದೇವಾಲಯದ ರಥಚಕ್ರ! ಮುಸ್ಲಿಮರ ಹುಡುಗಿಯೂ ಕ್ರೈಸ್ತರ ಹುಡುಗನೂ ಅದನ್ನು ಎದೆಯ ಮೇಲೆ ಧರಿಸಿ ಚರಂಡಿ ಶುಚಿ ಮಾಡುತ್ತಾರೆ. ಯಾರಿಗೂ ಅದು ಭಾರವಾದದ್ದನ್ನು ನಾನು ಕಂಡಿಲ್ಲ.

ಮತಶ್ರದ್ಧೆಯ ವಿದ್ಯಾರ್ಥಿ ಸಂಘಗಳೂ ತಮ್ಮೊಳಗೆ ಇಂಥದೇ ತೊಳಲಾಟವನ್ನು ಕಂಡಿವೆ. 1924ರಲ್ಲಿ ಮದರಾಸಿನಲ್ಲಿ ಹುಟ್ಟಿದ ಅಖಿಲ ಭಾರತ ಕಥೋಲಿಕ ವಿಶ್ವವಿದ್ಯಾನಿಲಯ ವಿದ್ಯಾರ್ಥಿಗಳ ಒಕ್ಕೂಟ ಮೊದಮೊದಲು ತನ್ನವರ ಶ್ರದ್ಧೆಯನ್ನು ಕಾಪಾಡಿಕೊಳ್ಳುವುದರಲ್ಲಿ ಮಗ್ನವಾಗಿತ್ತು. ಸ್ವಾತಂತ್ರ್ಯಾನಂತರದ ದಶಕಗಳಲ್ಲಿ ಫ್ರೆಂಚ್ ಪಾದ್ರಿ ಪಿಯೆರ್ ಸೆರಾಕ್ ಅದರ ಮಾರ್ಗದರ್ಶಕರಾಗಿ ವಿದ್ಯಾರ್ಥಿಗಳನ್ನು ಕೊಳೆಗೇರಿಗಳಿಗೂ ಹಳ್ಳಿಗಳಿಗೂ ಕರೆದೊಯ್ದರು. 1970ರಲ್ಲಿ ಪೂನಮಲ್ಲಿಯಲ್ಲಿ ಸೇರಿದ ಸಮಾವೇಶದ ಘೋಷಣೆಯಂತೂ ಬಡವರ ಪಕ್ಷ ವಹಿಸುವುದೇ ತಮ್ಮ ದಾರಿಯೆಂದು ಸಾರಿತು. ಸ್ವಂತ ಅಂಗಳದಿಂದ ಹೊರಗೆ ಬರಲು ಆ ಒಕ್ಕೂಟಕ್ಕೆ ಹೆಚ್ಚುಕಡಮೆ ಅರ್ಧ ಶತಮಾನ ಬೇಕಾಯಿತು. ನಮ್ಮ ಮಂಗಳಾದೇವಿಯ ರಾಮಕೃಷ್ಣ ಮಿಷನ್ನು 2015ರಿಂದ ಕೆಲವು ವರ್ಷ ಭಾನುವಾರದ ಬೆಳಗುಗಳಲ್ಲಿ ನಡೆಸಿದ ನಗರ ಸ್ವಚ್ಛತೆಯ ಶ್ರಮದಾನದಲ್ಲಿ ಕಾವಿಯುಟ್ಟ ಸ್ವಾಮಿಗಳ ಪಕ್ಕದಲ್ಲಿ ಪೊರಕೆ ಹಿಡಿದು ನಿಂತಾಗ, ನನ್ನ ವಿದ್ಯಾರ್ಥಿಗಳಿಗೆ ನಾನು ಹೇಳಬೇಕಾಗಿದ್ದ ಒಂದು ಉಪನ್ಯಾಸದ ಶ್ರಮ ಉಳಿದಿತ್ತು.

ಈಗ, ಇಷ್ಟು ಹೊತ್ತು ಸುತ್ತಿ ಬಳಸಿ ಮುಂದೂಡಿದ ಸಂಗತಿಗೆ ಬರಬೇಕು. ಅದು ನನ್ನ ತಪ್ಪಿನ ಕತೆ.

2018ರ ಆಗಸ್ಟ್ ತಿಂಗಳ ನಡುವೆ ಕೊಡಗಿನಲ್ಲಿ ಗುಡ್ಡಗಳು ಕುಸಿದುದು ಓದುಗರಿಗೆ ನೆನಪಿದ್ದೀತು. ಮಡಿಕೇರಿಯಿಂದ ಮಂಗಳೂರಿಗೆ ಬರುವ ಹೆದ್ದಾರಿ ಮದೆನಾಡು ಜೋಡುಪಾಲಗಳ ಬಳಿ ಕಡಿದುಹೋಯಿತು. ಮನೆ ತೋಟ ಕಳೆದುಕೊಂಡವರು ಘಟ್ಟ ಇಳಿದು ಸುಳ್ಯ ತಾಲೂಕಿನ ಕಡೆಯ ಪರಿಹಾರ ಕೇಂದ್ರಗಳಲ್ಲಿ ತಂಗಿದರು. ನಾನು ಇಪ್ಪತ್ತೆರಡು ವಿದ್ಯಾರ್ಥಿಗಳನ್ನು ಕರೆದುಕೊಂಡು ಸಂಪಾಜೆಯ ದಿಕ್ಕಿನ ಒಂದು ಶಾಲೆಗೆ ಹೋದೆ. ನಮ್ಮ ವ್ಯಾನಿನ ತುಂಬ ಅಕ್ಕಿ, ಬೇಳೆ, ಬಿಸ್ಕತ್ತು, ಹಳೆಯ ಬಟ್ಟೆ. ಜೊತೆಗೆ, ಹತ್ತು ಅಡಿ ಉದ್ದದ ಒಂದು ಬ್ಯಾನರು.

ಅಲ್ಲಿ ಹೋಗಿ ನೋಡಿದರೆ ಅಕ್ಕಿಗೆ ಕೊರತೆಯಿರಲಿಲ್ಲ. ಒಂದು ಕೊಠಡಿಯ ತುಂಬ ನಮ್ಮಂಥವರು ತಂದು ಸುರಿದ ಹಳೆಯ ಬಟ್ಟೆಯ ರಾಶಿ: ಗುಂಡಿಯಿಲ್ಲದ ಅಂಗಿಗಳು, ಜರಿ ಕಿತ್ತ ಸೀರೆಗಳು, ಎತ್ತರ ಹಿಮ್ಮಡಿಯ ಒಂದು ಚಪ್ಪಲಿ, ಒಂದೇ. ಆಯ್ಕೆಯಾದ ನಮ್ಮ ವಿದ್ಯಾರ್ಥಿ ನಾಯಕ ಒಳ್ಳೆಯ ಭಾಷಣಕಾರ. ಅವನಿಗೂ ನನಗೂ ಏನು ಮಾಡಬೇಕೆಂದು ತೋಚಲಿಲ್ಲ. ಅಷ್ಟರಲ್ಲಿ ಅಂತಿಮ ವರ್ಷದ ಒಬ್ಬ ಹುಡುಗಿ, ಬ್ಯಾರಿ ಮನೆತನದವಳು, ತರಗತಿಯಲ್ಲಿ ಹಾಜರಿ ಕರೆದಾಗಲ್ಲದೆ ಬಾಯಿ ತೆರೆಯದವಳು, ಒಂದು ನೋಟುಪುಸ್ತಕ ಹಿಡಿದು ಚಾಪೆಯಿಂದ ಚಾಪೆಗೆ ನಡೆಯತೊಡಗಿದಳು. ಪ್ರತಿಯೊಬ್ಬ ಮುದುಕ ಮುದುಕಿಯ ಬಳಿ ಕುಳಿತು, ಮನೆಯಲ್ಲಿದ್ದಾಗ ದಿನಾ ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಿರಿ ಎಂದು ಕೇಳಿ ಬರೆದುಕೊಂಡಳು. ಬಿಳಿ ಮಾತ್ರೆ, ರಾತ್ರಿಯದು, ಅರ್ಧ. ಹೀಗೆಲ್ಲ ಇತ್ತು ಆ ಪಟ್ಟಿಯಲ್ಲಿ. ಒಬ್ಬ ಅಜ್ಜಿಗೆ ಮಾತ್ರೆ ಬೇಡ, ಕನ್ನಡಕ ಬೇಕಾಗಿತ್ತು. ಅದು ಕೆಸರಿನಡಿ ಹೋಗಿತ್ತು. ಅರೆಭಾಷೆಯಲ್ಲಿ ಆಕೆ ಹೇಳಿದ್ದನ್ನು ಹುಡುಗಿ ಅರ್ಧ ಊಹಿಸಿ ಅರ್ಧ ತಿಳಿದು ಬರೆದಳು. ಒಂದು ಗಂಟೆಯೊಳಗೆ ಉಳಿದ ವಿದ್ಯಾರ್ಥಿಗಳು, ಯಾರೂ ಹೇಳದೆ, ಅವಳನ್ನು ಕೇಳಿಯೇ ಕೆಲಸ ಮಾಡುತ್ತಿದ್ದರು. ಊಟದ ಹೊತ್ತಿಗೆ ಸಾರಿನ ಬಾಲ್ದಿ ಯಾರ ಕೈಗೆ ಹೋಯಿತೆಂದು ಹೇಳಬೇಕಾಗಿಲ್ಲ.

ಹೊರಡುವ ಮುಂಚೆ ನಾನು ಬ್ಯಾನರನ್ನು ಜಗಲಿಗೆ ಕಟ್ಟಿಸಿದೆ. ವರದಿಗೆ ಫೋಟೋ ಬೇಕು; ವರದಿಯಿಲ್ಲದ ಸೇವೆ ನಡೆಯದ ಸೇವೆ ಎಂಬುದು ನಮ್ಮ ಕಾಲದ ನ್ಯಾಯ. ಎಲ್ಲರೂ ಬನ್ನಿ, ಅಜ್ಜಿಯಂದಿರನ್ನೂ ಮುಂದೆ ಕುಳ್ಳಿರಿಸಿ ಎಂದೆ. ಕನ್ನಡಕ ಕಳೆದುಕೊಂಡ ಅಜ್ಜಿ ಸೆರಗನ್ನು ಮುಖದ ಮೇಲೆ ಎಳೆದುಕೊಂಡು ಗೋಡೆಯ ಕಡೆಗೆ ತಿರುಗಿದಳು. ನಾನು ಅದನ್ನು ಕಂಡೂ ಕಾಣದವನಂತೆ ಇದ್ದೆನೆಂದು ಒಪ್ಪಿಕೊಳ್ಳಬೇಕು. ಹುಡುಗಿ ನನ್ನ ಬಳಿಗೆ ಬಂದಳು.

‘ಸರ್, ಇವರು ಅವರ ಮನೆಯಲ್ಲಿದ್ದಿದ್ದರೆ ನಾವು ಕೇಳಿ ಒಳಗೆ ಬರುತ್ತಿದ್ದೆವು ಅಲ್ಲವಾ?’

ಇಷ್ಟೇ ಹೇಳಿ, ನನ್ನ ಉತ್ತರಕ್ಕೆ ಕಾಯದೆ, ಬ್ಯಾನರಿನ ಒಂದು ತುದಿಯನ್ನು ಬಿಚ್ಚಿದಳು. ಇನ್ನೊಂದು ತುದಿಯನ್ನು ಬಾಲ್ದಿಯ ಹುಡುಗ ಬಿಚ್ಚಿದ. ಇಬ್ಬರೂ ಸೇರಿ ಅದನ್ನು ಬೆಡ್‍ಶೀಟಿನಂತೆ ಮಡಚಿ ವ್ಯಾನಿನಲ್ಲಿ ಇಟ್ಟರು. ವಾಪಸು ಬರುವಾಗ, ಇದನ್ನು ಎಲ್ಲಿ ಕಲಿತೆಯಮ್ಮಾ ಎಂದು ಕೇಳಿದೆ. ‘ನಮ್ಮ ಉಮ್ಮಾಮ ಜಕಾತಿನ ಅಕ್ಕಿ ಕೊಡಲಿಕ್ಕೆ ಕತ್ತಲಾದ ಮೇಲೆಯೇ ಕಳಿಸುತ್ತಿದ್ದರು ಸರ್. ಪಡೆಯುವವರ ಮುಖ ನೋಡಬಾರದು ಅಂತ,’ ಎಂದಳು.

ಇಲ್ಲಿಗೆ ಕತೆ ಮುಗಿದಿದ್ದರೆ ನಾನು ಪಾಠ ಕಲಿತ ಗುರುವಾಗಿ ಹೆಮ್ಮೆಪಡಬಹುದಿತ್ತು. ಆದರೆ ಊಟದ ಹೊತ್ತಿನಲ್ಲಿ ನಾನು ಮೊಬೈಲಿನಲ್ಲಿ ಒಂದು ಚಿತ್ರ ತೆಗೆದಿದ್ದೆ: ಹುಡುಗ ಸಾರು ಬಡಿಸುತ್ತಿದ್ದಾನೆ, ಹುಡುಗಿ ಪಕ್ಕದಲ್ಲಿ ಅನ್ನದ ಪಾತ್ರೆ ಹಿಡಿದು ನಗುತ್ತಿದ್ದಾಳೆ. ಒಳ್ಳೆಯ ಚಿತ್ರ. ಬ್ಯಾನರು ಹೋದರೆ ಹೋಗಲಿ, ಇದಾದರೂ ಇರಲಿ ಎಂದು, ಇಬ್ಬರನ್ನೂ ಕೇಳದೆ, ಕಾಲೇಜಿನ ವರದಿಯೊಡನೆ ಕಳುಹಿಸಿದೆ. ಅದು ಅಲ್ಲಿಂದ ಮೊಬೈಲಿನಿಂದ ಮೊಬೈಲಿಗೆ ಹರಿದು, ಒಂದು ವಾರದೊಳಗೆ ವರದಿ ಕಳಚಿಬಿದ್ದು ಚಿತ್ರ ಮಾತ್ರ ಉಳಿಯಿತು. ಹಿಂದೂ ಹುಡುಗ, ತಲೆವಸ್ತ್ರದ ಹುಡುಗಿ, ನಗು. ನಮ್ಮ ಊರಿನ ಗಾಳಿಯನ್ನು ಬಲ್ಲವರಿಗೆ ಮುಂದಿನದು ತಿಳಿದೇ ಇದೆ. ಯಾರು ಯಾರೊಡನೆ ಬಸ್ಸಿನಲ್ಲಿ ಕುಳಿತರು, ಯಾರು ಯಾರೊಡನೆ ಐಸ್‍ಕ್ರೀಂ ತಿಂದರು ಎಂದು ಕಾಯುವುದನ್ನೇ ಧರ್ಮಸೇವೆಯೆಂದು ತಿಳಿದ ತರುಣರು ಇಲ್ಲಿ ಎಲ್ಲ ಕಡೆಯೂ ಇದ್ದಾರೆ. ಅವರೂ ಸಂಘಟಕರೇ, ಅವರಲ್ಲಿಯೂ ನಾಯಕರಿದ್ದಾರೆ, ಅವರೂ ಯಾರ ಸಂಬಳಕ್ಕೂ ಕೆಲಸ ಮಾಡುವವರಲ್ಲ. ಈ ಮಾತನ್ನು ನುಂಗಿಕೊಳ್ಳುವುದು ನನಗೆ ಬಹಳ ಕಷ್ಟವಾಯಿತು. ಬಡಿಸುವ ಅಂಗಳದಿಂದಲೇ ಅವರೂ ಬಂದಿರಬಹುದು.

ಹುಡುಗನನ್ನು ಊರಿನಲ್ಲಿ ನಾಲ್ಕಾರು ಮಂದಿ ಅಡ್ಡಗಟ್ಟಿ ವಿಚಾರಿಸಿದರು. ಹುಡುಗಿಯ ಮನೆಗೆ ಅವರದೇ ಜನ ಬಂದು ಬುದ್ಧಿ ಹೇಳಿ ಹೋದರು. ಅವಳ ತಂದೆ ಒಂದು ದಿನ ಕಾಲೇಜಿಗೆ ಬಂದು ನನ್ನೆದುರು ಕುಳಿತರು. ಸಿಟ್ಟಾಗಿದ್ದರೆ ನನಗೆ ಸುಲಭವಾಗುತ್ತಿತ್ತು. ‘ನೀವು ಒಳ್ಳೆಯದಕ್ಕೇ ಮಾಡಿದ್ದೀರಿ ಮಾಸ್ಟ್ರೇ. ಆದರೆ ಚಿತ್ರ ಏಕೆ ಬೇಕಿತ್ತು?’ ಎಂದು ಮೆಲ್ಲನೆ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ, ಕ್ಷಮೆ ಕೇಳಿದೆ. ಹುಡುಗಿ ಮತ್ತೆ ಸೇವಾ ಯೋಜನೆಯ ಯಾವ ಕೆಲಸಕ್ಕೂ ಬರಲಿಲ್ಲ. 240 ಗಂಟೆಗಳು ತುಂಬದ ಕಾರಣ ಅವಳಿಗೆ ಪ್ರಮಾಣಪತ್ರವೂ ದೊರೆಯಲಿಲ್ಲ. 2019ರಲ್ಲಿ ಪದವಿ ಮುಗಿಸಿ ಹೋದಳು. ಹಾಗಿದ್ದೂ ಹೋಗುವ ಮುನ್ನ, ಕನ್ನಡಕದ ಅಜ್ಜಿಗೆ ಕನ್ನಡಕ ತಲುಪಿತೋ ಎಂದು ವಿಚಾರಿಸಿ ಹೋದಳು. ತಲುಪಿತ್ತು.

ಹುಡುಗ ಮಾತ್ರ ಬಿಡಲಿಲ್ಲ. ಊರವರು ಅಡ್ಡಗಟ್ಟಿದ ಸುದ್ದಿಯನ್ನು ಅವನು ನನಗೆ ಹೇಳಿದ್ದೇ ಮೂರು ತಿಂಗಳ ಮೇಲೆ, ಅದೂ ನಾನು ಒತ್ತಾಯಿಸಿದ ಬಳಿಕ. ‘ನಿನಗೆ ಹೆದರಿಕೆಯಾಗಲಿಲ್ಲವೇನೋ?’ ಎಂದೆ. ‘ಆಯಿತು ಸರ್. ಆದರೆ ಈ ಸಲದ ಜಾತ್ರೆಗೆ ಬಡಿಸಲಿಕ್ಕೆ ಹೋದಾಗ ಉಗ್ರಾಣದ ಅಜ್ಜ ಎಲ್ಲರ ಎದುರು ನನ್ನನ್ನು ಕರೆದು ಅನ್ನದ ಪಾತ್ರೆ ಕೊಟ್ಟರು,’ ಎಂದ. ಆ ಅಜ್ಜ ಏನಾದರೂ ಹೇಳಿದರೋ ಎಂದು ಕೇಳಿದರೆ, ‘ಏನಿಲ್ಲ ಸರ್, ಪಾತ್ರೆ ಬಿಸಿ ಉಂಟು, ಬಟ್ಟೆ ಹಿಡಿದುಕೋ ಅಂದರು.’

2020ರ ಮಾರ್ಚ್ ಕೊನೆಯಲ್ಲಿ ದೇಶವೆಲ್ಲ ಬಾಗಿಲು ಮುಚ್ಚಿ ಕುಳಿತಾಗ ಆ ಹುಡುಗ ಅಂತಿಮ ವರ್ಷದಲ್ಲಿದ್ದ. ಬಸ್ಸು ನಿಂತುದರಿಂದ ಊರಿಗೆ ಹೋಗಲಾರದೆ ಮಂಗಳೂರಿನ ಬಾಡಿಗೆ ಕೋಣೆಯಲ್ಲೇ ಉಳಿದಿದ್ದ. ಏಪ್ರಿಲ್ ಮೊದಲ ವಾರದ ಒಂದು ಸಂಜೆ ನನಗೆ ದೂರವಾಣಿ ಬಂತು. ಹುಡುಗಿಯ ಧ್ವನಿ, ಒಂದು ವರ್ಷದ ಬಳಿಕ. ಅವಳ ಮನೆಯ ಹಿಂದಿನ ಓಣಿಯಲ್ಲಿ ಉತ್ತರದ ಕಡೆಯ ಕಟ್ಟಡ ಕೆಲಸಗಾರರು ಮೂವತ್ತು ನಲವತ್ತು ಮಂದಿ ಕೆಲಸವಿಲ್ಲದೆ ಸಿಕ್ಕಿಬಿದ್ದಿದ್ದರು. ಮಸೀದಿಯ ಕಮಿಟಿಯವರು ಅಕ್ಕಿ, ಬೇಳೆ, ಪಾತ್ರೆ ಕೊಟ್ಟಿದ್ದರು. ಅವಳ ತಂದೆ ಅಡಿಗೆಯ ವ್ಯವಸ್ಥೆ ಮಾಡಿದ್ದರು.

‘ಅಡಿಗೆ ಆಗುತ್ತದೆ ಸರ್. ಆದರೆ ಬಡಿಸುವಾಗ ಗಲಾಟೆಯಾಗುತ್ತದೆ. ಮುಂದಿದ್ದವರಿಗೆ ಹೆಚ್ಚು ಹೋಗುತ್ತದೆ, ಹಿಂದಿದ್ದವರಿಗೆ ಸಾಲುವುದಿಲ್ಲ. ಆ ಸಾರಿನ ಬಾಲ್ದಿಯವ ಊರಲ್ಲಿದ್ದಾನಾ?’

‘ಅಪ್ಪನನ್ನು ಕೇಳಿದೆಯಾ?’ ಎಂದೆ. ಒಂದು ತಪ್ಪು ಮಾಡಿದ್ದವನಿಗೆ ಎರಡನೆಯದರ ಭಯ.

‘ಅಪ್ಪನೇ ಕೇಳಲಿಕ್ಕೆ ಹೇಳಿದ್ದು.’

ಪಾಸು ಪಡೆದವರೊಬ್ಬರ ಗಾಡಿಯಲ್ಲಿ ಹುಡುಗ ಅಲ್ಲಿಗೆ ಹೋದ. ಹೋಗುವ ಮೊದಲು ನನಗೆ ಫೋನು ಮಾಡಿ, ಎಷ್ಟು ಜನ, ಎಷ್ಟು ಸೇರು ಅಕ್ಕಿ, ದೂರ ದೂರ ಕುಳ್ಳಿರಿಸಲು ಸ್ಥಳವಿದೆಯೇ ಎಂದು ಮಾತ್ರ ಕೇಳಿದ. ಇಪ್ಪತ್ತು ದಿನಕ್ಕೂ ಮಿಕ್ಕಿ ಅದು ನಡೆಯಿತೆಂದು ಅನಂತರ ತಿಳಿಯಿತು. ಮೊದಲ ದಿನ ರಾತ್ರಿ ನಾನೇ ಅವನಿಗೆ ಫೋನು ಮಾಡಿ, ಹೇಗಾಯಿತೆಂದು ವಿಚಾರಿಸಿದೆ.

‘ಹಿಂದಿನ ಸಾಲಿನಿಂದ ಸುರುಮಾಡಿದೆ ಸರ್,’ ಎಂದ. ‘ಎಲ್ಲರಿಗೂ ಸಾಕಾಯಿತು. ಕೊನೆಗೆ ನಮಗೂ ಸ್ವಲ್ಪ ಉಳಿಯಿತು.’